ಕಡವಿನ ಮನೆಯ ಕಾಲುವೆ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಜಪಾನಿನಲ್ಲಿದ್ದಾಗಲೇ ಮಗಳಿಗೆ ಹೇಳಬೇಕಾಗಿತ್ತು. ಅವಳಿಗೆ ಆಫೀಸಿನ ಕೆಲಸ, ಎಳೆಗೂಸು, ಇದೊಂದು ಬೇರೆ ಯಾಕೆ ಎಂದುಕೊಂಡೆ. ಊರಿಗೆ ಬಂದ ಮೇಲೆ ಫೋನಿನಲ್ಲಿ ಹೇಳೋಣ ಎಂದುಕೊಂಡೆ. ಬಂದ ಮೇಲೆ ಮಂಡಿನೋವು ಶುರುವಾಯಿತು, ಕಣ್ಣಿನ ಪೊರೆ ತೆಗೆಸಿದ್ದಾಯಿತು, ಒಂದಲ್ಲ ಒಂದು ನೆಪ. ಹೆಂಡತಿ ಮಾತ್ರ ಬಿಡಲಿಲ್ಲ.

"ಬಾಯಲ್ಲಿ ಯೋಳಕ್ಕಾಗ್ದಿದ್ರೆ ಬರೀರಿ ಮತ್ತೆ. ಎಸ್ಸೆಸ್ಸೆಲ್ಸಿ ಪಾಸ್ ಮಾಡಿವ್ನಿ ಅಂತ ಮದ್ವೇಲಿ ಅಷ್ಟು ಮೆರುದ್ರಲ್ಲ, ಅದ್ಯಾವತ್ತಿಗೆ?" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಡ್ಯದ ಕಡೆಯ ಒಂದು ನಾಲೆಯಲ್ಲಿ ನೀರುಗಂಟಿಯಾಗಿದ್ದವನು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕೋ ನೋಡಿಕೊಳ್ಳುವುದು ನನ್ನ ಕೆಲಸ. ಹೇಳಿಕೊಳ್ಳಲು ಇಷ್ಟೇ. ಆದರೆ ದಿನದ ಮುಕ್ಕಾಲು ಭಾಗ ಹೋಗುತ್ತಿದ್ದದ್ದು ತೂಬಿನ ಬಾಯಿಂದ ಕಸ ತೆಗೆಯುವುದರಲ್ಲಿ. ಬಾಳೆದಿಂಡು, ಹರಿದ ಚಾಪೆ, ಮದುವೆಮನೆಯ ಎಂಜಲೆಲೆ, ಕೆಲವು ಸಲ ಸತ್ತ ನಾಯಿ. ನೀರಿಗೆ ಬಿದ್ದ ಸಾಮಾನು ಎಷ್ಟು ಹೊತ್ತಿಗೆ ಎಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದು ದಡದಲ್ಲಿ ಕೂತೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬ ಸುಳ್ಳೂ ಆಗಿರಲಿಲ್ಲ. ನನ್ನ ತಪ್ಪು ದೊಡ್ಡದಾಗಿರುವುದು ಅದರಿಂದಲೇ.

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಜಪಾನಿನ ಕಾವಾಸಾಕಿಗೆ ಹೋಗಿದ್ದೆವು. ಮಗು ಹುಟ್ಟಿ ಹೆಸರಿಡುವಷ್ಟರಲ್ಲಿ ಕಾಯಿಲೆ ಲೋಕವನ್ನೆಲ್ಲ ಹಿಡಿಯಿತು. ವಿಮಾನ ನಿಂತಿತು. ವೀಸಾ ಮುಗಿದಾಗಲೆಲ್ಲ ಅವರೇ ಮುಂದಕ್ಕೆ ಹಾಕಿಕೊಡುತ್ತಿದ್ದರು. ಮೂರು ತಿಂಗಳಿಗೆಂದು ತಂದ ಬಟ್ಟೆಯಲ್ಲಿ ಎರಡನೆಯ ಮಳೆಗಾಲವನ್ನೂ ಕಂಡೆವು. ಮನೆಯಲ್ಲಿ ಮಗಳು ಒಂದು ಕೋಣೆ, ಅಳಿಯ ಒಂದು ಕೋಣೆ, ಇಬ್ಬರ ಕಿವಿಯಲ್ಲೂ ಹೆಡ್‌ಫೋನು. ನಾನು ಕೆಮ್ಮಿದರೆ ಮಗಳು ಬಾಗಿಲ ಸಂದಿಯಿಂದ "ಅಪ್ಪಾ, ಪ್ಲೀಸ್, ಮೀಟಿಂಗು" ಎನ್ನುವಳು. ಆ ದಿನಗಳಲ್ಲಿ ಮುದುಕ ಕೆಮ್ಮಿದರೆ ಎಲ್ಲರಿಗೂ ಭಯ ಬೇರೆ. ಹಾಗಾಗಿ ಬೆಳಕು ಹರಿದ ಕೂಡಲೇ ಮಾಸ್ಕು ಹಾಕಿಕೊಂಡು ಹೊರಗೆ ಹೊರಟುಬಿಡುತ್ತಿದ್ದೆ.

ನಮ್ಮ ಬೀದಿಯ ಒಂದು ಪಕ್ಕಕ್ಕೆ ಕಾಲುವೆ ಇತ್ತು. ಒಂದು ಮಾರು ಅಗಲವೂ ಇರಲಿಲ್ಲ. ಮೊದಲು ಚರಂಡಿ ಎಂದುಕೊಂಡು ಹತ್ತಿರ ಹೋಗಿರಲಿಲ್ಲ. ಒಂದು ದಿನ ಬಗ್ಗಿ ನೋಡಿದರೆ ತಳದ ಕಲ್ಲು ಕಾಣುವಷ್ಟು ತಿಳಿನೀರು, ಅದರಲ್ಲಿ ಬೆರಳುದ್ದದ ಮೀನು ಎದುರು ಈಜುತ್ತಾ ಇದ್ದಲ್ಲೇ ನಿಂತಿತ್ತು. ಕೈ ಅದ್ದಿದೆ. ಹರಿವು ಸಮವಾಗಿತ್ತು, ಎಲ್ಲೂ ಎಳೆದಾಟವಿಲ್ಲ. ಈ ನೀರನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಕೈಗೆ ತಿಳಿಯಿತು. ಪರದೇಶದಲ್ಲಿ ಅಷ್ಟು ದಿನ ಯಾರ ಮಾತೂ ಅರ್ಥವಾಗದೆ ಇದ್ದವನಿಗೆ ಆ ನೀರು ಅರ್ಥವಾಯಿತು.

ಕಾಲುವೆ ಹರಿದ ದಿಕ್ಕಿಗೇ ಹೋದೆ. ಬೀದಿಯ ಕೊನೆಯಲ್ಲಿ ಅದು ರಸ್ತೆಯಡಿಯ ಮೋರಿಯೊಳಗೆ ನುಗ್ಗಿ, ಆಚೆ ಕಡೆ ಒಂದು ಹಳೆಯ ಮನೆಯ ಅಂಗಳದಲ್ಲಿ ಎದ್ದಿತ್ತು. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು. ನಡುವೆ, ಮರೆತು ಬಿಟ್ಟುಹೋದ ಹಾಗೆ, ಒಂದು ಗದ್ದೆ, ಬಲೆ ಹೊದಿಸಿದ ಹಣ್ಣಿನ ಮರಗಳು, ಹೆಂಚಿನ ಕೊಟ್ಟಿಗೆ. ಹಣ್ಣು ನಮ್ಮ ಬೇರಿಕಾಯಿಯ ಜಾತಿಯದು, ಆದರೆ ಚೆಂಡಿನಂತೆ ಗುಂಡಗೆ. ಅದರಾಚೆ ಏರಿ, ಏರಿಯಾಚೆ ತಮಾ ನದಿ. ತೂಬಿನ ಹತ್ತಿರ ನನ್ನ ವಯಸ್ಸಿನವರೇ ಒಬ್ಬರು ಬಾಚಣಿಗೆಯಂಥ ಹಲ್ಲುಕೋಲಿನಲ್ಲಿ ಎಲೆ ಎಳೆಯುತ್ತಿದ್ದರು. ತೂಬೆಂದರೆ ಎರಡು ಕಲ್ಲುಕಂಬದ ನಡುವೆ ಒಂದರ ಮೇಲೊಂದು ಇಳಿಸಿದ ಮರದ ಹಲಗೆಗಳು. ಮೇಲಿನ ಹಲಗೆ ಕೊಂಚ ವಾರೆಯಾಗಿತ್ತು. ನನ್ನ ಕೈ ನನ್ನನ್ನು ಕೇಳದೆ ಎದ್ದು 'ಎಡಗಡೆ ತುಸು ಎತ್ತಿ' ಎಂದು ಸನ್ನೆ ಮಾಡಿಬಿಟ್ಟಿತು. ಅವರು ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು, ಎಡಗಡೆ ತುಸು ಎತ್ತಿದರು. ನೀರು ಸರಿಯಾಗಿ ಕೂತಿತು. ಇಬ್ಬರೂ ತಲೆಯಾಡಿಸಿದೆವು. ನಮ್ಮ ಗೆಳೆತನ ಶುರುವಾದದ್ದು ಹಾಗೆ.

ಬೀದಿಯವರು ಅವರನ್ನು ಅವರ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ. ಮನೆಯ ಹೆಸರೇ ಅವರ ಹೆಸರು. ಮಗಳು ಅದರ ಅರ್ಥ ಹೇಳಿದಾಗ ನನಗೆ ಖುಷಿಯಾಯಿತು. ದೋಣಿ ದಾಟುವ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತೇವಲ್ಲ, ಅದೇ. ಕಡವಿನ ಮನೆಯವರು. ನಮ್ಮೂರಲ್ಲೂ ನನ್ನನ್ನು ತೂಬಿನ ಮನೆಯವನು ಎಂದೇ ಕರೆಯುತ್ತಿದ್ದರು.

ಆ ಮನೆಯ ಕಥೆಯನ್ನು ನಾನು ಕೇಳಿದ್ದು ತುಂಡುತುಂಡಾಗಿ. ವಾರದ ದಿನಗಳಲ್ಲಿ ಕೈಸನ್ನೆ, ಮಣ್ಣಿನಲ್ಲಿ ಕಡ್ಡಿಯಿಂದ ಗೀರಿದ ಚಿತ್ರ. ಭಾನುವಾರ ಮಗಳು ಮಗುವನ್ನೆತ್ತಿಕೊಂಡು ಬಂದರೆ ಮಾತು. ಎಲ್ಲರೂ ಮಾಸ್ಕು ಹಾಕಿಕೊಂಡು, ನಡುವೆ ಕಾಲುವೆ ಬಿಟ್ಟುಕೊಂಡು ನಿಲ್ಲುತ್ತಿದ್ದೆವು.

ಅವರ ಮೂಲಪುರುಷ ಬೆಟ್ಟದ ಕಡೆಯಿಂದ ಬಂದವನಂತೆ. ಹೊಲಮನೆ ಎಲ್ಲ ಹಿರಿಮಗನಿಗೆ ಹೋಗುವ ಪದ್ಧತಿ. ಕಿರಿಯನಾದ ಇವನ ಪಾಲಿಗೆ ಬಂದದ್ದು ಕೊಡಲಿ. ಆಗ ಈ ದಡದಲ್ಲಿ ಮನೆಯೇ ಇರಲಿಲ್ಲ. ಬರೀ ಗುಂಡುಕಲ್ಲು, ಜೊಂಡು. ಪ್ರತಿ ಮಳೆಗಾಲವೂ ನದಿ ಬಂದು ನೆಕ್ಕಿಕೊಂಡು ಹೋಗುವ ಜಾಗ. ಅವನು ಮರ ಕಡಿದು ಚಪ್ಪಟೆ ತಳದ ದೋಣಿ ಮಾಡಿ ಅಲ್ಲಿ ಕೂತ. ಆಚೆ ದಡದ ದೇವಸ್ಥಾನಕ್ಕೆ ಹೋಗುವ ಯಾತ್ರಿಕರು, ರೇಷ್ಮೆ ಗಂಟು ಹೊತ್ತ ವ್ಯಾಪಾರಿಗಳು, ಹೇರು ಕುದುರೆಗಳು. ನದಿ ಏರಿದಾಗ ದಾಟಲಾಗದೆ ಉಳಿದವರು ಅವನ ಗುಡಿಸಲಿನಲ್ಲೇ ಮಲಗುವರು, ಗಂಜಿ ಕುಡಿಯುವರು. ಗುಡಿಸಲು ದೊಡ್ಡದಾಗುತ್ತಾ ಮನೆಯಾಯಿತು.

"ಒಂದು ವರ್ಷ ನದಿ ಪಕ್ಕಕ್ಕೆ ಹೊರಳಿಬಿಡ್ತಂತೆ ಅಪ್ಪ," ಎಂದಳು ಮಗಳು. "ರಾತ್ರಿ ಮಲಗಿದ್ದಾಗ ಹೊಲ ಈ ಕಡೆ ಇತ್ತಂತೆ, ಬೆಳಗ್ಗೆ ಎದ್ರೆ ಅರ್ಧ ಹೊಲ ಆ ಕಡೆ! ಲಿಟರಲಿ ನದಿಯ ಆ ಕಡೆ!"

"ಆಮೇಲೆ?"

ಅವಳು ಅವರ ಮಾತಿನಲ್ಲಿ ಕೇಳಿದಳು. ಕಡವಿನ ಮನೆಯವರು ನಗುತ್ತಾ ಏನೋ ಹೇಳಿದರು.

"ಆಮೇಲೇನು, ತನ್ನ ಹೊಲಕ್ಕೆ ತಾನೇ ದೋಣಿ ಹಾಕ್ಕೊಂಡು ಹೋದ ಅಂತಾರೆ. ಬೇರೆಯವ್ರನ್ನ ದಾಟಿಸ್ತಿದ್ದ, ಈಗ ಉಳುಮೆಯ ದನಾನೂ ದಾಟಿಸ್ಬೇಕಾಯ್ತು."

ದನ ಹೇಗೆ ದಾಟಿಸಿದರು ಎಂದು ಕೇಳುವುದಕ್ಕೆ ನನಗೆ ಮಗಳು ಬೇಕಾಗಲಿಲ್ಲ. ಎರಡು ಕೈಯಲ್ಲಿ ಕರುವನ್ನು ಎತ್ತಿದ ಹಾಗೆ ಮಾಡಿ ದೋಣಿಯಲ್ಲಿ ಇಟ್ಟೆ, ಆಮೇಲೆ ಕತ್ತು ಚಾಚಿ ಮೂಗು ಮೇಲೆತ್ತಿ ತಾಯಿಹಸುವಿನ ಹಾಗೆ ಈಜಿದೆ. ಕಾವೇರಿಯಲ್ಲಿ ನನ್ನ ಅಜ್ಜ ಹರಿಗೋಲಿನಲ್ಲಿ ಮಾಡುತ್ತಿದ್ದದ್ದು ಅದನ್ನೇ. ಕರು ಮುಂದೆ ಹೋದರೆ ತಾಯಿ ಯಾವ ನೀರಿಗಾದರೂ ಇಳಿಯುತ್ತದೆ. ಕಡವಿನ ಮನೆಯವರು ಹಲ್ಲುಕೋಲು ಕೆಳಗೆ ಹಾಕಿ ಚಪ್ಪಾಳೆ ತಟ್ಟಿದರು. ಆಮೇಲೆ ಅವರೂ ಹಸುವಾಗಿ ಈಜಿ ತೋರಿಸಿದರು. ಇಬ್ಬರು ಮುದುಕರು ಬೀದಿಯಲ್ಲಿ ನಿಂತು ಹಸುಗಳಾಗಿದ್ದೆವು.

"ಅಪ್ಪಾ, ಜನ ನೋಡ್ತಿದಾರೆ," ಎಂದಳು ಮಗಳು. ಅವಳೂ ನಗುತ್ತಿದ್ದಳು.

ಅವರು ನಮ್ಮನ್ನು ಕೊಟ್ಟಿಗೆಗೆ ಕರೆದರು. ದನ ಮಾರಿ ಎಷ್ಟೋ ಕಾಲವಾಗಿತ್ತು. ಒಂದು ಕಾಲಕ್ಕೆ ಹಾಲು ಇಲ್ಲಿಂದ ಪೇಟೆಗೆ ಹೋಗುತ್ತಿತ್ತಂತೆ. ಈಗ ಉಳಿದಿದ್ದದ್ದು ಗೊಂತಿನ ಕಂಬಗಳು. ಒಂದೇ ಎತ್ತರದಲ್ಲಿ ಸವೆದು, ಅಲ್ಲಿ ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ದನ ಕತ್ತು ಉಜ್ಜುವ ಎತ್ತರ. ನಾನು ಅಂಗೈ ಇಟ್ಟು ನೋಡಿದೆ. ಒಳಗೆ, ಕತ್ತಲಲ್ಲಿ, ಕೊನೆಯ ದೋಣಿ ಮಲಗಿತ್ತು. ರೈಲಿನ ಸೇತುವೆ ಆಯಿತು, ಮೋಟಾರಿನ ಸೇತುವೆ ಆಯಿತು, ಕಡವಿಗೆ ಜನ ಬರುವುದು ನಿಂತಿತು. ಅವರ ಅಪ್ಪ ದೋಣಿಯನ್ನು ಎಳೆದು ತಂದು ಖಾಲಿ ಕೊಟ್ಟಿಗೆಯಲ್ಲಿ ಇಟ್ಟರಂತೆ. ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು. ಹುಟ್ಟುಗಳನ್ನು ಮಾತ್ರ ಯಾರೋ ಒರೆಸಿ ಇಡುತ್ತಿದ್ದರು.

ನೀರಿನ ಕಥೆ ಇನ್ನೂ ದೊಡ್ಡದು. ಗುಂಡುಕಲ್ಲಿನ ನೆಲ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ಮೇಲುಗಡೆ ಹಿಂದಿನವರು ತೋಡಿದ ದೊಡ್ಡ ಕಾಲುವೆ ಹರಿಯುತ್ತಿತ್ತು, ಆದರೆ ಅದರ ನೀರು ಮೇಲಿನ ಊರುಗಳದ್ದು. ಅಂಬಿಗನ ಮಗ ಹೋಗಿ ಒಂದು ಪಾಲು ಕೇಳಿದ. ಅವರು ಕೊಡಲು ಒಪ್ಪಿ ಒಂದೇ ಷರತ್ತು ಹಾಕಿದರು: ನಮ್ಮೂರಿನವರು ಕಡವಿಗೆ ಬಂದಾಗ ಎಂದೂ ಕಾಯಿಸಬಾರದು, ಊಟದಲ್ಲಿದ್ದರೂ ಎದ್ದು ಬಂದು ದಾಟಿಸಬೇಕು. ಅವನು ಒಪ್ಪಿದ. ಆಮೇಲೆ ಅವನು, ಅವನ ಹೆಂಡತಿ ಕಡವಿನ ದೋಣಿಯಲ್ಲೇ ಆಚೆ ದಡದಿಂದ ಜೇಡಿಮಣ್ಣು ತಂದು ಕಾಲುವೆಗೆ ಸುರಿದರು. ಅದರ ಉದ್ದಕ್ಕೂ ದನಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ನೀರು ಇಂಗದ ಹಾಗೆ ಮಣ್ಣು ತುಳಿಸಿದರು. ದನದ ಗೊರಸಿನಿಂದ ಆದ ಕಾಲುವೆ ಅದು. ಸೇತುವೆ ಬಂದು ಕಡವು ನಿಂತ ದಿನ ಷರತ್ತೂ ಮುಗಿದಂತೆ. ಮೇಲಿನವರು ನೀರು ಕಟ್ಟಬಹುದಾಗಿತ್ತು, ಕಟ್ಟಲಿಲ್ಲ. ತಮ್ಮ ಅಜ್ಜಂದಿರನ್ನು ಕಾಯಿಸದೆ ದಾಟಿಸಿದ ಮನೆ ಎಂದು ಬಿಟ್ಟುಕೊಂಡೇ ಬಂದರು.

ನಾನು ನೀರಿಗಾಗಿ ಗುದ್ದಲಿ ಎತ್ತಿದವರನ್ನು ಬಿಡಿಸಿದವನು. ಅಣ್ಣ ತಮ್ಮಂದಿರು ಒಂದು ಮಡಕೆಯ ನೀರಿಗೆ ಮಾತು ಬಿಟ್ಟದ್ದನ್ನು ಕಂಡವನು. ಇದನ್ನು ಮಗಳಿಂದ ಎರಡು ಸಲ ಹೇಳಿಸಿ ಕೇಳಿದೆ.

ಮುಂದಿನ ಭಾನುವಾರ ಮಗಳಿಗೆ ದುಂಬಾಲು ಬಿದ್ದು ಆ ಮೇಲಿನ ಕಾಲುವೆಯ ಮೂಲ ನೋಡಲು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅಲ್ಲಿ ನೀರು ಹಂಚುವ ಒಂದು ದುಂಡನೆಯ ಕಟ್ಟೆ ಇದೆ. ನೀರು ನೆಲದಡಿಯಿಂದ ಬಂದು ನಡುವೆ ಉಕ್ಕುತ್ತದೆ, ಬಾವಿ ತುಂಬಿ ತುಳುಕಿದ ಹಾಗೆ. ಅಂಚಿನ ಸುತ್ತಲೂ ಒಂದೇ ಸಮ ಇಳಿಯುತ್ತದೆ. ಕೆಳಗೆ ಅಡ್ಡಗೋಡೆಗಳಿವೆ. ದೊಡ್ಡ ಊರಿಗೆ ದೊಡ್ಡ ಪಾಲು, ಸಣ್ಣ ಊರಿಗೆ ಸಣ್ಣ ಪಾಲು. ನೀರು ಹೆಚ್ಚಿದರೆ ಎಲ್ಲರಿಗೂ ಹೆಚ್ಚು, ಕಡಿಮೆಯಾದರೆ ಎಲ್ಲರಿಗೂ ಕಡಿಮೆ. ಬೀಗವಿಲ್ಲ, ಕಾವಲಿಲ್ಲ. ಕಂಬಿ ಹಿಡಿದು ನೋಡುತ್ತಾ ನಿಂತೆ. ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತ ಹಾಗೆ ಚಪ್ಪಲಿ ಬಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು.

"ಇಲ್ಲಿ ನಿಮ್ಮಂಥೋರಿಗೆ ಕೆಲ್ಸವೇ ಇಲ್ವಲ್ಲ ಬುಡಿ," ಎಂದಳು ಹೆಂಡತಿ.

ವಾಪಸು ಬರುವಾಗ ಮಗಳು ಇನ್ನೊಂದು ವಿಷಯ ಹೇಳಿದಳು. ಬೀದಿಯ ಸಂಘದವರಿಗೆ ಕಡವಿನ ಮನೆಯ ಕಾಲುವೆಯನ್ನು ಮುಚ್ಚಬೇಕೆಂದು ಬಹಳ ದಿನದಿಂದ ಇದೆಯಂತೆ. ರಸ್ತೆ ಅಗಲವಾಗುತ್ತದೆ, ಮಕ್ಕಳು ಬೀಳುವ ಭಯವಿಲ್ಲ. ಒಂದು ಗದ್ದೆಗಾಗಿ ಯಾಕೆ ಇಷ್ಟುದ್ದ ಕಾಲುವೆ? ಅದಕ್ಕೆ ಅವರು ಸಭೆಯಲ್ಲಿ ಎದ್ದು ನಿಂತು, ಇದರ ನೀರು ಒಂದೇ ಒಂದು ಸಲ ರಸ್ತೆಗೆ ಬಂದರೂ ನಾನೇ ನಿಂತು ಮುಚ್ಚಿಸುತ್ತೇನೆ, ಅಲ್ಲಿಯವರೆಗೆ ಬಿಡಿ ಎಂದರಂತೆ. ಎಲ್ಲರೂ ಒಪ್ಪಿದರಂತೆ. ಅಂದಿನಿಂದ ಹೊತ್ತಿಗೊಮ್ಮೆ ಬಂದು ಎಲೆ ಎಳೆಯುತ್ತಾರೆ.

"ಸೋ ಅದೊಂದೇ ಅವರ ಲೈಫು ಈಗ," ಎಂದಳು.

ಎರಡನೆಯ ವರ್ಷ, ಇಲ್ಲಿ ಆಮ್ಲಜನಕಕ್ಕೆ ಜನ ಅಲೆದಾಡಿದ ಆ ಬೇಸಿಗೆಯಲ್ಲಿ, ನನ್ನ ಹೆಂಡತಿಯ ತಮ್ಮ ಮೈಸೂರಿನ ಆಸ್ಪತ್ರೆ ಸೇರಿದ. ಫೋನು ಬಂದಾಗಲೆಲ್ಲ ಅವಳು ನನ್ನ ಮುಖ ನೋಡುವಳು, ಎತ್ತಲು ಧೈರ್ಯವಿಲ್ಲ. ಅವನು ಬದುಕಿ ಬಂದರೆ ತುಂಬಿದ ನೀರಿಗೆ ಬಾಗಿನ ಬಿಡುತ್ತೇನೆಂದು ಹರಕೆ ಹೊತ್ತಳು. ಅವನು ಬದುಕಿ ಬಂದ.

ಮೊರ ಎಲ್ಲಿ ಸಿಗಬೇಕು? ಎಲ್ಲ ಒಂದೇ ಬೆಲೆಯ ಅಂಗಡಿಯಲ್ಲಿ ಬಿದಿರಿನ ಎರಡು ತಟ್ಟೆ ಸಿಕ್ಕವು, ಅಲ್ಲಿಯವರು ಸೋಬಾ ಶಾವಿಗೆ ಬಸಿಯುವಂಥವು. ತೆಂಗಿನಕಾಯಿ, ಬೆಲ್ಲ, ಬೇಳೆ, ಅರಿಸಿನ ಎಲ್ಲ ನಮ್ಮ ದೇಶದವರು ಹೆಚ್ಚಿರುವ ನಿಶಿ ಕಸಾಯಿಯ ಅಂಗಡಿಯಿಂದ ಪಾರ್ಸೆಲ್ಲಿನಲ್ಲಿ ಬಂದವು. ಹಸಿರು ಗಾಜಿನ ಬಳೆ ಅವಳೇ ಊರಿಂದ ತಂದಿದ್ದಳು, ಮಗಳ ಸೀಮಂತದಲ್ಲಿ ಮಿಕ್ಕವು. ಒಂದು ತಟ್ಟೆಯಲ್ಲಿ ಎಲ್ಲ ತುಂಬಿ, ಇನ್ನೊಂದು ಮುಚ್ಚಿ, ಅರಿಸಿನದ ದಾರದಲ್ಲಿ ಗಟ್ಟಿಯಾಗಿ ಸುತ್ತಿದಳು.

ಮಗಳಿಗೆ ಗೊತ್ತಾಗಬಾರದು ಎಂಬುದು ಇಬ್ಬರ ತೀರ್ಮಾನ. ಇಲ್ಲಿ ನೀರಿಗೆ ಏನೂ ಹಾಕಬಾರದು ಎಂದು ಅವಳು ಮೊದಲೇ ಹೇಳಿದ್ದಳು. ಹೆಂಡತಿ ನದಿಗೇ ಹೋಗೋಣ ಎಂದಳು. ಮಳೆ ಹಿಡಿದಿತ್ತು, ದಡದಲ್ಲಿ ಕೆಸರು, ನನಗೆ ಮಂಡಿ.

"ಈ ಕಾಲುವೆ ನದೀದೇ ನೀರು. ಇಲ್ಲೇ ಬಿಡು," ಎಂದೆ.

"ಸಿಕ್ಕಾಕತದೇನೋ. ನೋಡಿ, ಆ ಮೋರಿ ಬಾಯಿ ಸಣ್ಣದು."

"ನಂಗೆ ಯೋಳ್ಕೊಡ್ತೀಯ ನೀರಿನ ವಿಚಾರಾನ?"

"ಆಯ್ತಪ್ಪ, ನೀರ್ಗಂಟಿ ಸಾಹೇಬ್ರು ಯೋಳಿದ ಮೇಲೆ ಮುಗೀತು," ಎಂದು ಅವಳು ಕುಂಕುಮ ಹಚ್ಚಿ, ಕೈ ಮುಗಿದು, ಬಾಗಿನವನ್ನು ಬಿಟ್ಟಳು.

ಅದು ಚೆಂದವಾಗಿ ತೇಲಿತು. ಅರಿಸಿನದ ದಾರ ಬೆಳಗಿನ ಬೆಳಕಿಗೆ ಹೊಳೆಯಿತು. ಮೋರಿಯ ಬಾಯಿಗೆ ಹೋಗಿ, ಒಂದು ಸುತ್ತು ತಿರುಗಿ, ಒಳಗೆ ಹೋಯಿತು. ನಾನು ರಸ್ತೆ ದಾಟಿ ಆಚೆ ಬಾಯಿಯಲ್ಲಿ ನಿಂತೆ. ಆ ವೇಗಕ್ಕೆ ನಾನು ನಿಂತು ಉಸಿರು ಬಿಡುವಷ್ಟರಲ್ಲಿ ಅದು ಬರಬೇಕಾಗಿತ್ತು. ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆ. ಈಚೆ ನೀರು ಒಂದು ಎಳೆ ತೆಳುವಾಯಿತು. ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ನನಗೆ ಕಂಡಿತು.

"ಓಯ್ತಾ?" ಎಂದು ಆಚೆಯಿಂದ ಕೇಳಿದಳು ಹೆಂಡತಿ.

"ಓಯ್ತು," ಎಂದೆ.

ಅದೊಂದು ಮಾತು. ಮಗಳು ಏಳುವ ಹೊತ್ತಾಗಿತ್ತು. ಹೆಂಡತಿಯ ಮುಂದೆ ಸೋಲಲು ಮನಸ್ಸಿರಲಿಲ್ಲ. ಮಧ್ಯಾಹ್ನ ಬಂದು ಕೋಲು ಹಾಕಿ ತೆಗೆದರಾಯಿತು ಎಂದುಕೊಂಡೆ. ಮಧ್ಯಾಹ್ನ ಮಳೆ ಜೋರಾಯಿತು. ಮಗುವಿಗೆ ಮೈ ಬೆಚ್ಚಗಾಗಿ ಮನೆಯವರೆಲ್ಲ ಗಾಬರಿಯಾಗಿದ್ದರು. ನಾನು ಕಿಟಕಿಯ ಹತ್ತಿರ ಕೂತು ಮಳೆ ನೋಡಿದೆ. ಸಂಜೆ ಕಡವಿನ ಮನೆಯವರು ರೇನ್‌ಕೋಟು ಹಾಕಿ ಮೋರಿಯ ಬಾಯಲ್ಲಿ ಎಲೆ ಎಳೆಯುತ್ತಿದ್ದದ್ದು ಕಾಣಿಸಿತು. ಬಾಯಲ್ಲಿ ಏನೂ ಇರಲಿಲ್ಲ, ಇದ್ದದ್ದು ಒಳಗೆ, ಯಾವುದೋ ಕಂಬಿಗೋ ಕಲ್ಲಿಗೋ ಸಿಕ್ಕಿಕೊಂಡು. ಅದು ನನಗೆ ಗೊತ್ತಿತ್ತು. ಆಗಲಾದರೂ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋಗಬಹುದಾಗಿತ್ತು.

ಬೆಳಗ್ಗೆ ಬೀದಿಯ ತುಂಬ ನೀರು. ಸೈಕಲ್ಲುಗಳು ಅರ್ಧ ಚಕ್ರ ಮುಳುಗಿ ನಿಂತಿದ್ದವು. ಪ್ಯಾಂಟು ಮಡಚಿಕೊಂಡು ಓಡಿದೆ. ಮೋರಿ ಕಟ್ಟಿ ಉಕ್ಕಿದ ನೀರು ರಸ್ತೆಯ ಮೇಲಿಂದಲೇ ಅವರ ಅಂಗಳಕ್ಕೆ ನುಗ್ಗಿ, ಗದ್ದೆಯ ಬದು ಒಡೆದಿತ್ತು. ಆಗಷ್ಟೇ ನಾಟಿ ಮಾಡಿದ ಪೈರು ಕಿತ್ತು ಒಂದು ಮೂಲೆಯಲ್ಲಿ ರಾಶಿಯಾಗಿತ್ತು. ಕಡವಿನ ಮನೆಯವರು ಕೊಟ್ಟಿಗೆಯ ಬಾಗಿಲಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ನನ್ನನ್ನು ನೋಡಿ, ಮಾತಾಡದೆ, ಒಳಗೆ ಕೈ ತೋರಿಸಿದರು.

ದೋಣಿ ಎದ್ದಿತ್ತು.

ಎಷ್ಟೋ ವರ್ಷ ನೆಲದಲ್ಲಿ ಮಲಗಿದ್ದದ್ದು ನೀರಿನ ಮೇಲೆ ಎದ್ದು, ಮೂಗನ್ನು ನದಿಯ ಕಡೆಗೆ ಮಾಡಿಕೊಂಡು, ಗೊಂತಿನ ಕಂಬಕ್ಕೆ ಮೆಲ್ಲಗೆ ಮೈ ತಾಗಿಸುತ್ತಾ ಅಲುಗಾಡುತ್ತಿತ್ತು. ದನ ಕತ್ತು ಉಜ್ಜಿದ ಹಾಗೆ. ಸಂದುಗಳಿಂದ ನೀರು ಒಳಬರುತ್ತಿತ್ತು, ಅದು ಮುಳುಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವರು ಮಾಸ್ಕು ಕೆಳಗಿಳಿಸಿ ನೋಡುತ್ತಿದ್ದರು. ಅಷ್ಟು ದಿನದಲ್ಲಿ ಅವರ ಪೂರ್ತಿ ಮುಖ ಕಂಡದ್ದು ನನಗೆ ಅದೇ ಮೊದಲು. ಕಣ್ಣಲ್ಲಿ ನೀರಿತ್ತು, ಬಾಯಿ ಮಗುವಿನ ಹಾಗೆ ತೆರೆದಿತ್ತು. ದೋಣಿ ಒಂದು ಕಡೆಗೆ ವಾಲಿ, ನಿಧಾನವಾಗಿ ಮತ್ತೆ ಕೆಸರಿಗೆ ಕೂತಿತು. ಇಂಥದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಕಾಣುವಂತೆ ಮಾಡಿದ್ದು ನನ್ನ ಸುಳ್ಳು ಎಂಬುದನ್ನು ಆ ಗಳಿಗೆಯಲ್ಲೂ ಮರೆತಿರಲಿಲ್ಲ.

ಮೋರಿಯನ್ನು ಅವರೇ ಕೊಕ್ಕೆ ಹಾಕಿ ಬಿಡಿಸಿದರು. ನಾನು ಹತ್ತಿರ ಹೋಗಲಿಲ್ಲ, ಮಗು ಅಳುತ್ತಿದೆ ಎಂದು ಸನ್ನೆ ಮಾಡಿ ಮನೆಗೆ ಬಂದುಬಿಟ್ಟೆ.

ಅದೇ ಸಂಜೆ ಅವರು ಕೋಟು ಹಾಕಿಕೊಂಡು ಬೀದಿಯ ಒಂದೊಂದು ಮನೆಗೂ ಹೋದರು. ಕೈಯಲ್ಲಿ ಸಿಹಿಯ ಪೆಟ್ಟಿಗೆಗಳು. ತಪ್ಪಾದರೆ ಮನೆಮನೆಗೆ ಹೋಗಿ ತಲೆಬಾಗಿ ಬರುವುದು ಅಲ್ಲಿಯ ನಡವಳಿಕೆ. ನಮ್ಮ ಬಾಗಿಲಿಗೂ ಬಂದರು. ಕಾಯಿಲೆಯ ಕಾಲವಲ್ಲವೇ, ಪೆಟ್ಟಿಗೆಯನ್ನು ಹೊಸ್ತಿಲ ಹೊರಗೆ ಇಟ್ಟು ಹಿಂದಕ್ಕೆ ಸರಿದು ನಿಂತರು. ಮಗಳು, ನಾನು, ಹೆಂಡತಿ ಬಾಗಿಲಲ್ಲಿದ್ದೆವು. ಅವರು ನಡು ಮುರಿಯುವಷ್ಟು ಬಗ್ಗಿದರು. ಎದ್ದೇಳಲೇ ಇಲ್ಲ ಎನ್ನಿಸುವಷ್ಟು ಹೊತ್ತು ಹಾಗೇ ಇದ್ದರು.

"ತಾವು ಸರಿಯಾಗಿ ನೋಡ್ಕೊಳ್ಳಲಿಲ್ಲ, ತಮ್ಮ ಅಜಾಗ್ರತೆ, ನಿಮಗೆಲ್ಲ ತೊಂದ್ರೆ ಆಯ್ತು ಅಂತಿದಾರೆ," ಎಂದಳು ಮಗಳು ಪಿಸುದನಿಯಲ್ಲಿ. "ಕಾಲುವೆ ಮುಚ್ಚಿಸ್ತಾರಂತೆ. ಮಾತು ಕೊಟ್ಟಿದ್ರಲ್ಲ. ಅಪ್ಪ, ನೀವೂ ಏನಾದ್ರೂ ಹೇಳಿ, ನಿಮ್ಮ ಫ್ರೆಂಡಲ್ವಾ?"

ನಾನು ಕೈ ಜೋಡಿಸಿದೆ. ಅಷ್ಟೇ. ಮಾಸ್ಕು ಇತ್ತಲ್ಲ, ಮುಖ ಕಾಣುವುದಿಲ್ಲ ಎಂಬ ಧೈರ್ಯ. ಮಗಳು ನನ್ನ ಪರವಾಗಿ ಏನೋ ಸಮಾಧಾನ ಹೇಳಿ ಕಳಿಸಿದಳು.

ಮಾರನೆಯ ದಿನ ನಾನು ಮತ್ತು ಹೆಂಡತಿ ಆ ಕಡೆ ಹೋದೆವು. ತೂಬಿನ ಪಕ್ಕದಲ್ಲಿ ನೀರಿನ ದೇವರದೊಂದು ಕಲ್ಲು ಇತ್ತು, ಮೊಣಕಾಲೆತ್ತರದ್ದು. ಅವರು ದಿನಾ ಅದಕ್ಕೆ ಒಂದು ಬಟ್ಟಲು ನೀರಿಡುತ್ತಿದ್ದರು. ಅವತ್ತು ಆ ಕಲ್ಲಿನ ಮುಂದೆ ಹಸಿರು ಬಳೆಗಳು ಇದ್ದವು. ತೊಳೆದು, ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದರು. ಒಡೆದ ಚೂರುಗಳನ್ನೂ ಎಸೆಯದೆ ಒಂದು ಎಲೆಯ ಮೇಲೆ ಬೇರೆಯಾಗಿ ಇಟ್ಟಿದ್ದರು. ಪಕ್ಕದಲ್ಲಿ ತೆಂಗಿನಕಾಯಿ, ಅದರ ಜುಟ್ಟಿಗೆ ಅಂಟಿದ ಅರಿಸಿನದ ದಾರ.

ಆ ಬೀದಿಯಲ್ಲಿ ಬಳೆ ತೊಡುವ ಮನೆ ನಮ್ಮದೊಂದೇ.

ಮೋರಿ ಬಿಡಿಸಿದ ಕೂಡಲೇ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಸಂಜೆ ನಮ್ಮ ಬಾಗಿಲಿಗೆ ಬಂದಿದ್ದರು. ಬೇರೆ ಮನೆಗಳಿಗೆ ಬಗ್ಗಿದಷ್ಟೇ ನಮಗೂ ಬಗ್ಗಿದ್ದರು. ಒಂದು ಮಾತು ಆಡಿದ್ದರೆ ಕಾಲುವೆ ಉಳಿಯುತ್ತಿತ್ತು. ಇದು ನನ್ನ ಅಜಾಗ್ರತೆಯಲ್ಲ, ಅಗೋ ಅವರ ಕೆಲಸ ಎಂದಿದ್ದರೆ ಸಂಘದವರು ಒಪ್ಪುತ್ತಿದ್ದರು. ಆದರೆ ಆ ವರ್ಷ ಪರದೇಶದವರನ್ನು ಕಂಡರೆ ಜನ ಲಿಫ್ಟಿನಿಂದ ಇಳಿದುಬಿಡುತ್ತಿದ್ದ ಕಾಲ. ನಮ್ಮ ಮಗಳು ಅದೇ ಬೀದಿಯಲ್ಲಿ ಬಾಳಬೇಕಿತ್ತು. ಅವರು ಅದನ್ನೆಲ್ಲ ಯೋಚಿಸಿದರೋ, ಅಥವಾ ಅವರ ಲೆಕ್ಕದಲ್ಲಿ ನೀರಿಗೆ ಬಂದದ್ದು ಯಾರು ಬಿಟ್ಟದ್ದಾದರೂ ಅದನ್ನು ದಾಟಿಸುವುದು ಕಡವಿನ ಮನೆಯ ಹೊಣೆಯೇ ಆಗಿತ್ತೋ, ನನಗೆ ಇವತ್ತಿಗೂ ತಿಳಿಯದು.

ಹೆಂಡತಿ ಬಹಳ ಹೊತ್ತು ಆ ಬಳೆಗಳನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಓಯ್ತು ಅಂದ್ರಲ್ಲ."

ನಾನು ಮೋರಿಯ ಕಡೆ ನೋಡಿದೆ.

"ಜೀವಮಾನ ಎಲ್ಲಾ ಊರೋರ ಕಸ ತೆಗುದ್ರಿ. ನಿಮ್ಮ ಕಸ ತೆಗ್ಯಕ್ಕೆ ಇವ್ರು ಬೇಕಾಯ್ತಾ? ನಡೀರಿ, ಈಗ್ಲೇ ಯೋಳಿ. ನಾನೂ ಬತ್ತೀನಿ."

"ನಾಳೆ ಭಾನುವಾರ. ಮಗಳು ಇರ್ತಾಳೆ, ಮಾತಿಗೆ ಸರಿಯಾಗ್ತದೆ," ಎಂದೆ.

ಅವಳು ನನ್ನನ್ನು ಕಾಯಲಿಲ್ಲ. ಅಂಗಳದಲ್ಲಿ ಕೆಸರು ಬಳಿಯುತ್ತಿದ್ದವರ ಮುಂದೆ ಹೋಗಿ ನಿಂತು, ಕೈಯಲ್ಲಿದ್ದ ಬಳೆ ತೋರಿಸಿ, ಕಲ್ಲಿನ ಕಡೆ ತೋರಿಸಿ, ನೆಲಕ್ಕೆ ಬಗ್ಗಿ ನಮಸ್ಕಾರ ಮಾಡಿದಳು. ಅವರು ಗಾಬರಿಯಾಗಿ ತಾವೂ ಬಗ್ಗಿದರು. ಅವಳ ಪಾಲು ಅಲ್ಲಿಗೆ ಮುಗಿಯಿತು. ನಾನು ತೂಬಿನ ಹತ್ತಿರವೇ ನಿಂತಿದ್ದೆ.

ಭಾನುವಾರ ಬಂತು, ಹೋಯಿತು. ಆಮೇಲಿನ ಭಾನುವಾರಗಳೂ. ಅಲ್ಲಿ ಮಳೆಗಾಲ ಮುಗಿದ ಮೇಲೆ ಬರುವ ಬೇಸಿಗೆಯ ಕೊನೆಗೆ ಅವರೇ ಮೇಲಿನವರ ಹತ್ತಿರ ಹೋಗಿ, ಇಷ್ಟು ಕಾಲ ಕೊಟ್ಟ ನೀರಿಗೆ ವಂದನೆ ಹೇಳಿ, ಅಲ್ಲಿಯ ತೂಬಿಗೆ ಹಲಗೆ ಇಳಿಸಿ ಬಂದರಂತೆ. ಒಣಗಿದ ಕಾಲುವೆಯಲ್ಲಿ ಮೀನುಗಳನ್ನು ಬಕೆಟ್ಟಿನಲ್ಲಿ ಹಿಡಿದು ನದಿಗೆ ಬಿಡುತ್ತಿದ್ದರು. ನಾನೂ ಹೋಗಿ ಹಿಡಿದೆ. ಅಕ್ಕಪಕ್ಕ ಬಗ್ಗಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ತಳದ ಜೇಡಿಮಣ್ಣು ಬಿಸಿಲಿಗೆ ಬಿರಿದಿತ್ತು. ಒಂದು ಕಡೆ ಗೊರಸಿನ ಗುರುತಿನ ಹಾಗೆ ಒಂದು ಗುಳಿ. ನಿಜವಾಗಿ ಗೊರಸೋ, ಕಲ್ಲು ಕಿತ್ತ ಜಾಗವೋ. ಅವರು ಅದನ್ನು ಬೆರಳಿನಿಂದ ಸವರಿ ನನಗೆ ತೋರಿಸಿ, ಹಸುವಿನ ಹಾಗೆ ಕತ್ತು ಚಾಚಿದರು. ನಗಿಸಲು ಮಾಡಿದ್ದು. ನಗಲು ನನ್ನಿಂದಾಗಲಿಲ್ಲ.

ವಿಮಾನ ಸಿಕ್ಕಿತು. ಹೊರಡುವ ದಿನ ಒಬ್ಬನೇ ಹೋದೆ. ಈ ಸಲ ಹೇಳಿಯೇ ಬರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಮಾತು ಗೊತ್ತಿಲ್ಲ ಎನ್ನುವ ಹಾಗೂ ಇರಲಿಲ್ಲ. ತಪ್ಪಾಯಿತು, ಕ್ಷಮಿಸಿ ಎನ್ನಲು ಅವರು ಆಡುವ ಸುಮಿಮಾಸೆನ್ ಎಂಬ ಮಾತು ನನ್ನ ಬಾಯಲ್ಲಿ ಪಳಗಿತ್ತು. ಬೀದಿಯ ಕೊಂಬಿನಿ ಅಂಗಡಿಯಲ್ಲಿ ಯಾರಿಗಾದರೂ ಚೀಲ ತಾಗಿದರೆ, ರೈಲಿನಲ್ಲಿ ಕಾಲು ತುಳಿದರೆ, ದಾರಿ ಬೇಕಾದರೆ, ಯೋಚಿಸದೆ ಹೇಳುತ್ತಿದ್ದೆ. ಅವರು ಬುಟ್ಟಿಯಲ್ಲಿ ಆ ವರ್ಷದ ಹಣ್ಣು ತುಂಬಿ ತಂದು ಕೈಗಿತ್ತರು. ನನ್ನ ಬಾಯಿಂದ ಬಂದದ್ದು ಅರಿಗಾತೋ, ಉಪಕಾರವಾಯಿತು ಎಂಬ ಮಾತು. ಮತ್ತೆ ಅದನ್ನೇ ಹೇಳಿದೆ. ಅವರು ಏರಿಯ ತನಕ ಬಂದು, ನಾನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದರು. ಕಡವಿನಲ್ಲಿ ದಾಟಿಸಿದವರನ್ನು ಹಾಗೆ ನಿಂತು ನೋಡುವುದು ಆ ಮನೆಯ ರೂಢಿಯಂತೆ.

ಮೊನ್ನೆ ಮಗಳು ಫೋನಿನಲ್ಲಿ ಬೀದಿ ತೋರಿಸಿದಳು. ಕಾಲುವೆ ಇದ್ದ ಕಡೆ ಉದ್ದಕ್ಕೆ ಒಂದು ಪಟ್ಟೆ ಡಾಂಬರು, ಉಳಿದ ರಸ್ತೆಗಿಂತ ಕಪ್ಪಗೆ. ಅದರ ಮೇಲೆ ಮಕ್ಕಳು ಸೈಕಲ್ಲು ಬಿಡುತ್ತಿದ್ದರು, ನನ್ನ ಮೊಮ್ಮಗಳೂ. ತುದಿಯಲ್ಲಿ ಒಬ್ಬರು ಹಲ್ಲುಕೋಲು ಹಿಡಿದು ಡಾಂಬರಿನ ಮೇಲಿನ ಎಲೆ ಎಳೆಯುತ್ತಿದ್ದರು.

"ಅಪ್ಪಾ, ಅವರು ನಿಮ್ಮನ್ನ ಯಾವಾಗ್ಲೂ ಕೇಳ್ತಾರೆ," ಎಂದಳು ಮಗಳು. "'ನೀರಿನವರು ಹೇಗಿದ್ದಾರೆ' ಅಂತ. ಮಾತಾಡ್ತೀರಾ? ಕರೀಲಾ?"

ನೆಟ್‌ವರ್ಕ್ ಸರಿಯಿಲ್ಲ, ಆಮೇಲೆ ಮಾಡು ಎಂದೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

ಇದನ್ನು ಬರೆದು ಮುಗಿಸಿದ ಮೇಲೆ ಮಗಳಿಗೆ ಕಳಿಸುತ್ತೇನೆ. ಓದಿ ಅವಳಿಗೆ ನನ್ನ ಮೇಲೆ ಸಿಟ್ಟು ಬರಲಿ. ಸಿಟ್ಟು ಇಳಿದ ಮೇಲೆ ಅವಳ ಜಪಾನಿ ಮಾತಿನಲ್ಲಿ ಇದನ್ನು ಒಬ್ಬರಿಗೆ ಓದಿ ಹೇಳಲಿ. ಯಾರಿಗೆ ಎಂದು ಅವಳು ಕೇಳಬಾರದು, ಅದಕ್ಕೇ ಇಲ್ಲೇ ಬರೆಯುತ್ತೇನೆ. ಯಾರನ್ನೂ ಕಾಯಿಸದೆ ನದಿ ದಾಟಿಸಿದ ಅಂಬಿಗನ ವಂಶದವರು, ನನ್ನ ತಪ್ಪಿಗೆ ನನ್ನ ಬಾಗಿಲಲ್ಲೇ ತಲೆಬಾಗಿ ನಿಂತವರು, ನಾನು ಇಷ್ಟು ದಿನ ಕಾಯಿಸಿದವರು: ಕಡವಿನ ಮನೆಯ ಯಜಮಾನರು.